ಮಂದಗತಿಯ ಲಿಖಿತ ಪಾತ್ರಕ್ರೀಡೆಗೆ ಪ್ರಸಂಗರಚನೆ: ತಾಳಮದ್ದಳೆಯ ನಿದರ್ಶನದಿಂದ ಒಂದು ವಿಚಾರ

ಆಟಗಾರರಲ್ಲಿ ಪ್ರತಿಯೊಬ್ಬನೂ ಕಲ್ಪಿತ ವ್ಯಕ್ತಿಯೊಬ್ಬನ ಪಾತ್ರವನ್ನು ವಹಿಸಿಕೊಂಡು, ಆ ವ್ಯಕ್ತಿಯ ಮಾತನ್ನೂ ನಿರ್ಧಾರವನ್ನೂ ತನ್ನದಾಗಿ ಆಡುತ್ತ, ಫಲವು ಸಂದಿಗ್ಧವಾದೆಡೆಯಲ್ಲಿ ದಾಳವನ್ನುರುಳಿಸಿ ಅದರ ತೀರ್ಪಿಗೆ ಒಳಪಡುತ್ತ, ಹಲವರು ಕೂಡಿ ಒಂದು ಕಥೆಯನ್ನು ಕಟ್ಟುವ ವಿನೋದಕ್ಕೆ ರೋಲ್‌ಪ್ಲೇಯಿಂಗ್ ಗೇಮ್ ಎಂಬ ಹೆಸರು ಲೋಕರೂಢವಾಗಿದೆ; ಪ್ರಸ್ತುತ ಲೇಖನದಲ್ಲಿ ಅದನ್ನು ಪಾತ್ರಕ್ರೀಡೆಯೆಂದು ಕರೆಯುತ್ತೇನೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ 1974ರಲ್ಲಿ ಪ್ರಕಟಗೊಂಡ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಪ್ರಕಾರಕ್ಕೆ ಮೊದಲ ಮುದ್ರಿತ ನಿಯಮಗ್ರಂಥವೆನಿಸಿತು. ಒಂದು ಮೇಜಿನ ಸುತ್ತ ಐದಾರು ಜನರು ಮೂರು ನಾಲ್ಕು ತಾಸು ಒಟ್ಟಿಗೆ ಕುಳಿತು ಆಡುವುದು ಇದರ ಮೂಲಕ್ರಮ. ಇದರದೇ ಇನ್ನೊಂದು ಕ್ರಮದಲ್ಲಿ ಆಟಗಾರರು ಒಂದೆಡೆ ಸೇರುವುದಿಲ್ಲ. ಒಂದೇ ಹೊತ್ತಿಗೆ ಬಿಡುವಾಗಿರುವುದೂ ಇಲ್ಲ. ಒಬ್ಬನು ಬೆಳಗ್ಗೆ ಬರೆದುದಕ್ಕೆ ಮತ್ತೊಬ್ಬನು ಸಂಜೆಯೋ ಮರುದಿನವೋ ಮೊಬೈಲಿನ ಪರದೆಯ ಮೇಲೆ ಉತ್ತರ ಬರೆಯುತ್ತಾನೆ. ಮೇಜಿನ ಆಟಕ್ಕಾಗಿ ಹೊಂದಿಸಿದ ಕಥಾಪ್ರಸಂಗವನ್ನು ಈ ಮಂದಗತಿಯ ಆಟಕ್ಕೆ ಹಾಗೆಯೇ ಇಳಿಸಿದರೆ ಅದು ಸೊರಗುತ್ತದೆ. ಇದಕ್ಕೆ ತಕ್ಕ ರಚನಾಶಾಸ್ತ್ರವನ್ನು ನಾವು ದೂರದೇಶದಲ್ಲಿ ಅರಸಬೇಕಾಗಿಲ್ಲವೆಂದೂ, ಕರಾವಳಿಯವರು ತಮ್ಮೊಡನೆ ಮುಂಬಯಿಯ ಉಪನಗರಗಳಿಗೆ ಕೊಂಡುಬಂದ ತಾಳಮದ್ದಳೆಯಲ್ಲಿಯೇ ಅದರ ತತ್ತ್ವಗಳು ಅಡಗಿವೆಯೆಂದೂ ತೋರಿಸುವುದು ಈ ಬರಹದ ಉದ್ದೇಶ.

ದೂರದೂರದಲ್ಲಿದ್ದುಕೊಂಡು ಬರಹದ ಮೂಲಕ ಆಡುವ ಪದ್ಧತಿ ಗಣಕಯಂತ್ರಕ್ಕಿಂತ ಹಳೆಯದು. ಚದುರಂಗವನ್ನು ಅಂಚೆಯಲ್ಲಿ ಆಡಿದವರು ಹಿಂದೆಯೇ ಇದ್ದರು. 1959ರಲ್ಲಿ ಪ್ರಕಟವಾದ ಆಲನ್ ಕ್ಯಾಲಮರನ ಡಿಪ್ಲೊಮಸಿ ಎಂಬ ಆಟವನ್ನು 1963ರಿಂದ ಅಂಚೆಯಲ್ಲಿ ಆಡತೊಡಗಿದರು. ಅದರಲ್ಲಿ ಎಲ್ಲ ಪಕ್ಷದವರೂ ತಮ್ಮ ತಮ್ಮ ಆಜ್ಞೆಗಳನ್ನು ಗುಟ್ಟಾಗಿ ಬರೆದು ಕಳುಹಿಸುತ್ತಾರೆ, ಅವೆಲ್ಲ ಏಕಕಾಲಕ್ಕೆ ತೆರೆಯಲ್ಪಡುತ್ತವೆ. ಈ ಏಕಕಾಲದ ತೀರ್ಮಾನವೆಂಬ ಉಪಾಯ ನಮಗೆ ಮುಂದೆ ಪ್ರಯೋಜನಕ್ಕೆ ಬರುವುದರಿಂದ ಇಲ್ಲಿ ಹೆಸರಿಸಿದೆ.

ಇಂತಹ ಆಟ ಮುಂಬಯಿಯ ಉಪನಗರಗಳಿಗೆ ಏಕೆ ಒಪ್ಪುತ್ತದೆಂಬುದಕ್ಕೆ ಅಲ್ಲಿಯ ರೈಲೇ ಉತ್ತರ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ 34 ಕಿಲೋಮೀಟರ್ ದೂರದ ಠಾಣೆಗೆ ಭಾರತದ ಮೊದಲ ಪ್ರಯಾಣಿಕ ರೈಲು ಓಡಿತು, ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಅಂದಿನಿಂದ ಈ ಪ್ರದೇಶದ ದಿನಚರಿಯನ್ನು ನಿಯಮಿಸುತ್ತ ಬಂದಿರುವುದು ರೈಲಿನ ವೇಳಾಪಟ್ಟಿ. ಡೊಂಬಿವಲಿಯ ಒಂದು ಕನ್ನಡ ಕುಟುಂಬವನ್ನು ಭಾವಿಸಿಕೊಳ್ಳಬಹುದು: ತಂದೆ ಹೋಟೆಲಿನ ಗಲ್ಲಾದಲ್ಲಿ ಕುಳಿತು ನಡುರಾತ್ರಿಗೆ ಮರಳುವವನು, ಮಗಳು ಐರೋಲಿಯ ಕಂಪೆನಿಯಲ್ಲಿ ಅಮೆರಿಕದ ಗಡಿಯಾರಕ್ಕೆ ಕೆಲಸಮಾಡುವವಳು, ಮಗ ಮುಂಬಯಿಯ ಫೋರ್ಟ್ ಭಾಗದ ಬ್ಯಾಂಕಿಗೆ ಬೆಳಗಿನ ಲೋಕಲ್ ಹಿಡಿಯುವವನು, ಮಾವ ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಸೂರ್ಯೋದಯಕ್ಕೆ ಮುಂಚೆ ಹೊರಡುವವನು. ಇವರೆಲ್ಲರೂ ಒಂದೇ ಸಂಜೆ ನಾಲ್ಕು ತಾಸು ಜೊತೆಗೆ ಕೂರುವ ಯೋಗ ಹಬ್ಬಹರಿದಿನಗಳಿಗೆ ಮೀಸಲು. ಆದರೆ ಇವರಲ್ಲಿ ಪ್ರತಿಯೊಬ್ಬರಿಗೂ ಚೂರುಚೂರಾದ ಕಾಲ ಧಾರಾಳವಾಗಿದೆ. ದೀವಾ ದಾಟಿ ಮುಲುಂಡ್ ಬರುವವರೆಗೆ, ಒಂದು ಕೈ ಮೇಲಿನ ಹಿಡಿಯಲ್ಲಿದ್ದು ಇನ್ನೊಂದು ಕೈಯ ಹೆಬ್ಬೆರಳು ಮಾತ್ರ ಸ್ವತಂತ್ರವಾಗಿರುವಾಗ, ಮನುಷ್ಯನು ನಾಲ್ಕು ವಾಕ್ಯ ಓದಿ ಮೂರು ವಾಕ್ಯ ಬರೆಯಬಲ್ಲನು. ಅದಕ್ಕಿಂತ ಹೆಚ್ಚನ್ನು ಅವನಿಂದ ಬೇಡುವುದು ಅನ್ಯಾಯ. ಆಟದ ರಚನೆ ಆ ನಾಲ್ಕು ವಾಕ್ಯಗಳ ಅಳತೆಗೆ ಒಗ್ಗಬೇಕು.

ಇನ್ನು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತನು ಪ್ರಸಂಗದ ಪದ್ಯವನ್ನು ಹಾಡುತ್ತಾನೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯದ ಅರ್ಥವನ್ನು ತಾವೇ ಪಾತ್ರವಾಗಿ ಗದ್ಯದಲ್ಲಿ ವಿಸ್ತರಿಸುತ್ತ ವಾದಿಸುತ್ತಾರೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳೇ ಮೊದಲಾದ ಪದ್ಯಕೃತಿಗಳು ಅಚ್ಚಾಗಿವೆ. ಮಾತು ಮಾತ್ರ ಎಲ್ಲಿಯೂ ಬರೆದಿಟ್ಟುದಲ್ಲ, ಅದು ಆಯಾ ಕೂಟದಲ್ಲಿ ಹುಟ್ಟಿ ಅಲ್ಲಿಯೇ ಮುಗಿಯತಕ್ಕುದು. ತುಳುನಾಡಿನ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲಿನ ಮಳೆಗಾಲವೇ ಇದಕ್ಕೆ ಪ್ರಶಸ್ತವಾದ ಕಾಲವಾದ್ದರಿಂದ, ಆ ತಿಂಗಳುಗಳಲ್ಲಿ ಊರಿನ ಅರ್ಥಧಾರಿಗಳು ಮುಂಬಯಿಗೂ ಬರುತ್ತಾರೆ. ಅಜೆಕಾರು ಕಲಾಭಿಮಾನಿ ಬಳಗದಂತಹ ಸಂಸ್ಥೆಗಳು ನಗರದಲ್ಲಿಯೂ ಉಪನಗರಗಳಲ್ಲಿಯೂ ಕೂಟಗಳನ್ನು ಸರಣಿಯಾಗಿ ಏರ್ಪಡಿಸುತ್ತವೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯನ್ನು ಕೇಳಿ ಬೆಳೆದ ಒಂದು ಪೀಳಿಗೆಯೇ ಈ ಭಾಗದಲ್ಲಿದೆ. 2020ರ ಲಾಕ್‌ಡೌನಿನಲ್ಲಿ ಅರ್ಥಧಾರಿಗಳು ತಮ್ಮ ತಮ್ಮ ಮನೆಗಳಲ್ಲಿದ್ದುಕೊಂಡೇ ಅಂತರ್ಜಾಲದಲ್ಲಿ ತಾಳಮದ್ದಳೆ ನಡೆಸಿದರು; ಒಂದೇ ಚಾವಡಿ ಈ ಕಲೆಗೆ ಅನಿವಾರ್ಯವಲ್ಲವೆಂಬುದು ಆಗ ಸಿದ್ಧವಾಯಿತು, ಒಂದೇ ಹೊತ್ತಿನ ಬಂಧ ಮಾತ್ರ ಉಳಿಯಿತು. ಆ ಬಂಧವನ್ನೂ ಕಳಚಿದರೆ ಸಿಕ್ಕುವುದು ನಮ್ಮ ಲಿಖಿತ ಪಾತ್ರಕ್ರೀಡೆ.

ತಾಳಮದ್ದಳೆಯ ಪ್ರಸಂಗವು ಘಟನೆಯನ್ನು ನಿಶ್ಚಿತವಾಗಿರಿಸಿ ಅರ್ಥವನ್ನು ತೆರೆದಿಡುತ್ತದೆ. ಕೃಷ್ಣಸಂಧಾನ ಮುರಿದುಬೀಳುವುದೆಂದು ಕೇಳುಗನಿಗೆ ಗೊತ್ತು, ಕೌರವನ ಪಾತ್ರ ವಹಿಸಿದವನಿಗೂ ಗೊತ್ತು. ಆದರೂ ಕೌರವನು ಯಾವ ನ್ಯಾಯದ ಮೇಲೆ ಸಂಧಿಯನ್ನು ನಿರಾಕರಿಸುವನೆಂಬುದು ಆ ರಾತ್ರಿಯೇ ನಿರ್ಣಯವಾಗತಕ್ಕ ವಿಷಯ. ವಾಲಿವಧೆಯಲ್ಲಂತೂ ಬಾಣ ತಾಗಿಯಾಗಿದೆ, ವೀರನು ಬಿದ್ದಾಗಿದೆ, ಮಾಡುವುದೇನೂ ಉಳಿದಿಲ್ಲ. ಮರೆಯಲ್ಲಿ ನಿಂತು ಹೊಡೆದೆಯೇಕೆಂಬ ಪ್ರಶ್ನೆಯೂ ಅದಕ್ಕೆ ರಾಮನು ಕೊಡುವ ಸಮಾಧಾನವೂ ಮಾತ್ರ ಉಳಿದು, ಅವೇ ಗಂಟೆಗಟ್ಟಲೆ ಸಭೆಯನ್ನು ಹಿಡಿದಿಡುತ್ತವೆ. ಮಂದಗತಿಯ ಆಟಕ್ಕೆ ಇದಕ್ಕಿಂತ ಯೋಗ್ಯವಾದ ಸನ್ನಿವೇಶವನ್ನು ನಾನು ಊಹಿಸಲಾರೆ. ಮುಂದೇನಾಗುವುದೆಂಬ ಕುತೂಹಲ ಒಂದು ದಿನದ ವಿರಾಮವನ್ನು ಸಹಿಸದು, ಬೇಗನೆ ಆರಿಹೋಗುತ್ತದೆ. ಈ ಮಾತಿಗೆ ಏನು ಉತ್ತರ ಕೊಡಲಿ ಎಂಬ ಚಿಂತೆಯಾದರೋ ವಿರಾಮದಲ್ಲಿಯೇ ಬಲಿಯುತ್ತದೆ. ಅರ್ಥಧಾರಿಗೆ ದೊರೆಯದ ಒಂದು ಭಾಗ್ಯ ಲಿಖಿತ ಆಟಗಾರನಿಗೆ ಉಂಟು: ಎದುರಾಳಿಯ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಅವನು ದಿನವಿಡೀ ತಿರುಗಬಹುದು.

ಈ ತತ್ತ್ವವನ್ನು ಒಂದು ಮಾದರಿ ಪ್ರಸಂಗದಲ್ಲಿ ಪರೀಕ್ಷಿಸುವುದು ಉಚಿತ. ಠಾಣೆಯ ಖಾಡಿಯ ಬಳಿ ಪೋರ್ಚುಗೀಸರು ಕಟ್ಟಿಸುತ್ತಿದ್ದ ಕೋಟೆ ಪೂರ್ಣವಾಗುವ ಮೊದಲೇ 1737ರಲ್ಲಿ ಮರಾಠರ ವಶವಾಯಿತು. 1774ರಲ್ಲಿ ಅದು ಇಂಗ್ಲಿಷರ ಪಾಲಾಗಿ, ಮುಂದೆ ಕಾರಾಗೃಹವಾಗಿ ಇಂದಿಗೂ ಹಾಗೆಯೇ ಉಳಿದಿದೆ. ಬಸರೂರು, ಹೊನ್ನಾವರ, ಮಂಗಳೂರುಗಳ ಅಕ್ಕಿ ಪೋರ್ಚುಗೀಸರ ನೆಲೆಗಳಿಗೆ ಹೋಗುತ್ತಿದ್ದುದೂ ಇತಿಹಾಸಸಿದ್ಧ. ಇಷ್ಟನ್ನು ಆಧಾರವಾಗಿರಿಸಿಕೊಂಡು ನಾಲ್ಕು ಕಲ್ಪಿತ ಪಾತ್ರಗಳನ್ನು ಸೃಷ್ಟಿಸೋಣ: ಬಸರೂರಿನ ಅಕ್ಕಿಯ ವರ್ತಕ, ಅವನ ದೋಣಿಯನ್ನು ನಡೆಸುವ ಕೋಲಿ ಅಂಬಿಗ, ಕೋಟೆಯ ಗೋಡೆಯಲ್ಲಿ ದುಡಿಯುವ ಕಲ್ಲುಕುಟಿಗ, ಎರಡು ಭಾಷೆ ಬಲ್ಲ ಗುಮಾಸ್ತ. ಕೋಟೆ ಬೀಳುತ್ತದೆ, ಅದನ್ನು ಯಾವ ದಾಳವೂ ಬದಲಿಸಲಾರದು. ಆದರೆ ದೋಣಿಯಲ್ಲಿರುವ ಅಕ್ಕಿ ಯಾರಿಗೆ ಸೇರಬೇಕು?

ಮೇಜಿನ ಆಟಕ್ಕೆ ಅಭ್ಯಾಸವಾದ ಗೇಮ್ ಮಾಸ್ಟರ್, ಎಂದರೆ ಸನ್ನಿವೇಶವನ್ನು ವಿವರಿಸಿ ಕಥೆಯನ್ನು ನಡೆಸುವವನು, ಇಲ್ಲಿ, “ಖಾಡಿಯ ದಡಕ್ಕೆ ಬಂದಿದ್ದೀರಿ, ಎದುರಿಗೆ ಕೋಟೆಯ ಬಾಗಿಲಿದೆ, ಏನು ಮಾಡುವಿರಿ?” ಎಂದು ಬರೆದು ನಿಲ್ಲಿಸುತ್ತಾನೆ. ಒಬ್ಬನು ಬಾಗಿಲು ಮುಚ್ಚಿದೆಯೇ ಎನ್ನುತ್ತಾನೆ. ಸಂಜೆಗೆ ಹೌದೆಂಬ ಉತ್ತರ. ಕಾವಲಿದೆಯೇ ಎಂಬ ಪ್ರಶ್ನೆ ಮರುದಿನ ಬೆಳಗ್ಗೆ, ಇಬ್ಬರಿದ್ದಾರೆಂಬ ಉತ್ತರ ರಾತ್ರಿ. ಮೇಜಿನ ಸುತ್ತ ಅರೆನಿಮಿಷದಲ್ಲಿ ಮುಗಿಯುತ್ತಿದ್ದ ವಿಚಾರಣೆ ಇಲ್ಲಿ ಎರಡು ದಿನವನ್ನು ನುಂಗಿ, ಆಟಗಾರರನ್ನು ಅದೇ ಬಾಗಿಲಲ್ಲಿ ನಿಲ್ಲಿಸಿರುತ್ತದೆ. ಅದಕ್ಕೆ ಬದಲಾಗಿ ಹೀಗೆ ಬರೆದರೆ: “ಭರತ ತಿರುಗಿ ನೀರು ಇಳಿಯತೊಡಗಿದೆ, ಇನ್ನೊಂದು ಜಾವ ಕಳೆದರೆ ದೋಣಿ ಕೆಸರಿನಲ್ಲಿ ಕೂರುವುದು. ಕೋಟೆಯ ಅಧಿಕಾರಿ ಕೊಟ್ಟ ಮುಂಗಡ ವರ್ತಕನ ಸೊಂಟದ ಚೀಲದಲ್ಲಿದೆ. ದಡದಲ್ಲಿ ಅಂಬಿಗನ ಕೇರಿಯ ಹೆಂಗಸರು ಬರಿದಾದ ಮೊರ ಹಿಡಿದು ನಿಂತಿದ್ದಾರೆ. ಬಾಗಿಲಲ್ಲಿ ಇಬ್ಬರೇ ಕಾವಲಿನವರು, ಇಬ್ಬರೂ ಗುಮಾಸ್ತನಿಗೆ ಪರಿಚಿತರು. ಉತ್ತರದ ಗೋಡೆ ಇನ್ನೂ ಎದೆಮಟ್ಟಕ್ಕೆ ಎದ್ದಿಲ್ಲವೆಂಬುದನ್ನು ಕಲ್ಲುಕುಟಿಗನು ಮಾತ್ರ ಬಲ್ಲ. ಅಕ್ಕಿಯನ್ನು ಎಲ್ಲಿ ಇಳಿಸುವಿರಿ? ಯಾವ ನ್ಯಾಯದಿಂದ?” ನೋಡಬಹುದಾದುದೆಲ್ಲ ಒಮ್ಮೆಗೇ ಕಾಣಿಸಿತು, ಪ್ರತಿಯೊಂದು ಪಾತ್ರಕ್ಕೂ ಇತರರಿಗಿಲ್ಲದ ಒಂದು ಹಿಡಿಕೆ ದೊರೆಯಿತು, ಯಾರು ಬೇಕಾದರೂ ಇನ್ನೊಬ್ಬನಿಗಾಗಿ ಕಾಯದೆ ಬರೆಯಬಹುದು, ಕೊನೆಯ ಪ್ರಶ್ನೆ ಕೃತ್ಯವನ್ನಷ್ಟೇ ಕೇಳದೆ ಕಾರಣವನ್ನೂ ಕೇಳಿತು. ಪದ್ಯವು ಅರ್ಥಧಾರಿಗೆ ಮಾಡಿಕೊಡುವ ಉಪಕಾರವೂ ಇದೇ.

ಭಾಗವತನ ಅಧಿಕಾರದಿಂದಲೂ ಕಲಿಯತಕ್ಕುದುಂಟು. ಸಂವಾದ ವಾದಕ್ಕಾಗಿ ವಾದವಾಗಿ, ಹೇಳಿದುದೇ ಮರಳಿ ಬರತೊಡಗಿದೊಡನೆ ಅವನು ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾನೆ. ಎಂಥ ಪ್ರೌಢ ಅರ್ಥಧಾರಿಯೂ ಆಗ ಮಾತು ನಿಲ್ಲಿಸಲೇಬೇಕು. ಗೇಮ್ ಮಾಸ್ಟರನ ಬಳಿಯೂ ಮುಂದಿನ ಪದ್ಯ ಸಿದ್ಧವಿರಬೇಕು. ಠಾಣೆಯ ಪ್ರಸಂಗದಲ್ಲಿ ನೀರಿನ ಇಳಿತವೇ ಅಂಥ ಪದ್ಯ: ಎರಡು ದಿನಗಳಲ್ಲಿ ನಿರ್ಧಾರ ಬಾರದಿದ್ದರೆ ದೋಣಿ ಕೆಸರಿನಲ್ಲಿ ಕುಳಿತಿತು, ಕಾವಲಿನವರು ಕೆಳಗಿಳಿದು ಬಂದರು ಎಂದು ಕಥೆ ತಾನಾಗಿ ಮುಂದುವರಿಯುವುದು. ಗೈರುಹಾಜರಾದವನನ್ನು ನಿಂದಿಸುವ ಪ್ರಮೇಯವೇ ಇರದಂತೆ, ಪ್ರತಿಯೊಬ್ಬನಿಂದಲೂ ಆರಂಭದಲ್ಲಿಯೇ ಒಂದು ಶಾಶ್ವತ ಸೂಚನೆ ಬರೆಸಿಕೊಳ್ಳುವುದು ಲೇಸು: ನಾನು ಮೌನವಾಗಿದ್ದರೆ ನನ್ನ ಕಲ್ಲುಕುಟಿಗನು ಅಂಬಿಗನ ಜೊತೆಗಿರುತ್ತಾನೆ, ಆಯುಧ ಎತ್ತುವುದಿಲ್ಲ. ಮಳೆಗೆ ರೈಲು ನಿಂತ ದಿನ ಠಾಣೆಯಿಂದಾಚೆ ಯಾರಿಗೂ ಬರೆಯುವ ಚೈತನ್ಯ ಉಳಿಯದೆಂಬುದನ್ನು ಬಲ್ಲವರು ಈ ನಿಯಮವನ್ನು ಕಠಿನವೆನ್ನಲಾರರು.

ಕಾಳಗದ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಸರದಿಯಂತೆ ಒಬ್ಬರಾದ ಮೇಲೊಬ್ಬರು ಹೊಡೆಯುವ ಕ್ರಮದಲ್ಲಿ ಐವರು ಆಟಗಾರರ ಐದು ಸುತ್ತಿಗೆ ಇಪ್ಪತ್ತೈದು ಸರದಿಗಳಾಗುತ್ತವೆ. ಒಂದೊಂದಕ್ಕೆ ಒಂದು ದಿನ ಹಿಡಿದರೆ ಒಂದು ಚಕಮಕಿಗೆ ಹೆಚ್ಚುಕಡಿಮೆ ತಿಂಗಳೊಂದು ಕಳೆಯಿತು. ಇಲ್ಲಿ ಡಿಪ್ಲೊಮಸಿಯ ಉಪಾಯವೇ ಗತಿ: ಎಲ್ಲರ ಸಂಕಲ್ಪವನ್ನೂ ಒಮ್ಮೆಗೇ ಪಡೆದು, ಒಂದೇ ದಾಳದಿಂದ ಇಡೀ ಕಾಳಗವನ್ನು ತೀರಿಸಿ, ಗೆದ್ದವರ ಮುಂದೆ ಬಿದ್ದವನನ್ನು ಮಾತನಾಡಲು ಬಿಡುವುದು.

ಮೇಜಿನ ಆಟದಲ್ಲಿ ದೋಷವೆನಿಸುವ ಕೆಲವು ಬರಹದಲ್ಲಿ ಗುಣವಾಗುತ್ತವೆ. ಪಾತ್ರಗಳು ಚದುರಿದರೆ ಅಲ್ಲಿ ಅರ್ಧದಷ್ಟು ಜನ ಸುಮ್ಮನೆ ಕೂರಬೇಕು. ಇಲ್ಲಿ ಗುಮಾಸ್ತನು ಕೋಟೆಯೊಳಗೂ ವರ್ತಕನು ದೋಣಿಯಲ್ಲೂ ಇದ್ದು, ಎರಡೂ ಕಡೆ ಏಕಕಾಲಕ್ಕೆ ಕಥೆ ಸಾಗುತ್ತದೆ, ಒಬ್ಬನಿಗೆ ಮಾತ್ರ ಕಳುಹಿಸಿದ ಗುಪ್ತಪತ್ರ ನಿಜವಾಗಿ ಗುಪ್ತವಾಗಿಯೇ ಉಳಿಯುತ್ತದೆ. ಮರೆವು ಮಾತ್ರ ಈ ಆಟದ ನಿತ್ಯಶತ್ರು. ಅದಕ್ಕೆ ತಾಳಮದ್ದಳೆಯ ಪೀಠಿಕೆ ತಕ್ಕ ಮದ್ದು. ಅರ್ಥಧಾರಿಯು ತನ್ನ ಪಾತ್ರವನ್ನು ತೆರೆಯುವಾಗ ತಾನಾರು, ಈವರೆಗೆ ನಡೆದುದೇನು, ಅದನ್ನು ತಾನು ಹೇಗೆ ಕಾಣುತ್ತೇನೆ ಎಂಬುದನ್ನು ಪಾತ್ರದ ಕಣ್ಣಿನಿಂದಲೇ ನಿರೂಪಿಸುತ್ತಾನೆ. ಪ್ರತಿಯೊಂದು ಸಂಧಿಯ, ಎಂದರೆ ಅಧ್ಯಾಯದ, ಆರಂಭದಲ್ಲಿ ಆಟಗಾರರಲ್ಲೊಬ್ಬನಿಂದ ಇಂತಹ ಪೀಠಿಕೆಯನ್ನು ಬರೆಸಿದರೆ, ಕಥಾಸಾರವೂ ಒದಗುತ್ತದೆ, ಅದರ ಪಕ್ಷಪಾತದಿಂದ ಮುಂದಿನ ವಾದಕ್ಕೆ ಬೀಜವೂ ಬೀಳುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು ಭಾಷೆ. ಡೊಂಬಿವಲಿಯ ಕರ್ನಾಟಕ ಸಂಘವೂ ಅದರ ಮಂಜುನಾಥ ವಿದ್ಯಾಲಯವೂ, ವಾಶಿಯ ಕನ್ನಡ ಸಂಘವೂ ಇರುವ ಈ ನಗರಗಳಲ್ಲಿ ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್ ಆಡುವ ಯುವಕ ಕನ್ನಡವನ್ನು ಚೆನ್ನಾಗಿ ಕೇಳಬಲ್ಲನು, ಬರೆಯಲು ಹಿಂಜರಿಯುತ್ತಾನೆ. ಕೂಟದಲ್ಲಿ ತಡವರಿಸಿದರೆ ಸಭೆಯೇ ಗಮನಿಸುತ್ತದೆ. ಮಂದಗತಿಯ ಆಟದಲ್ಲಿ ಅವನು ಒಂದು ಪದವನ್ನು ಅಜ್ಜಿಗೆ ಫೋನ್ ಮಾಡಿ ಕೇಳಿ ಬರೆಯಬಹುದು. ವಿಳಂಬವನ್ನು ಯಾರೂ ತಪ್ಪೆಣಿಸರು. ಆದಕಾರಣ ಪ್ರಸಂಗಕರ್ತನು ಪಾತ್ರಗಳಲ್ಲಿ ಒಂದಕ್ಕಾದರೂ ಅಂತಹ ಆಟಗಾರನಿಗೆ ಸಹಜವಾದ ಮಿಶ್ರಭಾಷೆಯನ್ನು ಕೊಡತಕ್ಕುದು. ನಮ್ಮ ಗುಮಾಸ್ತನು ಅದಕ್ಕೆಂದೇ ಇದ್ದಾನೆ.

ಇಂತಹ ಆಟಗಳಲ್ಲಿ ಬಹಳಷ್ಟು ನಡುವಿನಲ್ಲಿಯೇ ನಿಂತುಹೋಗುವುದರಿಂದ ಪ್ರಸಂಗ ಚಿಕ್ಕದಾಗಿರುವುದೂ, ಪ್ರತಿಯೊಂದು ಸಂಧಿಯೂ ತನ್ನಷ್ಟಕ್ಕೆ ಮುಗಿಯುವುದೂ ಅವಶ್ಯ. ಠಾಣೆಯ ಪ್ರಸಂಗಕ್ಕೆ ನಾಲ್ಕು ಸಂಧಿಗಳು ಸಾಕು: ದಡ, ಗೋಡೆ, ಕೋಟೆಯ ಪತನ, ಲೆಕ್ಕ. ಕಡೆಯದಕ್ಕೆ ದಾಳವೂ ಬೇಡ, ಗೇಮ್ ಮಾಸ್ಟರನ ಮಾತೂ ಬೇಡ. ಊರಿಗೆ ಮರಳುವ ಮುನ್ನ ವರ್ತಕನು ಅಕ್ಕಿ ಏನಾಯಿತೆಂದು ಬಸರೂರಿನ ಪಾಲುಗಾರರಿಗೆ ಪತ್ರ ಬರೆಯುತ್ತಾನೆ. ಉಳಿದ ಮೂವರಿಗೂ ಆ ಪತ್ರವನ್ನು ಓದಿ, ಅದರಲ್ಲಿ ತಮ್ಮ ಮೇಲೆ ಹೊರಿಸಿದ ಮಾತುಗಳಿಗೆ ಒಂದೊಂದು ಉತ್ತರ ಬರೆಯುವ ಹಕ್ಕಿರುತ್ತದೆ, ಅದಕ್ಕೆ ಒಂದು ವಾರದ ಅವಧಿ.