ಕೋಡ್ ಬರೆಯದೆ ಸಂಖ್ಯಾಶಾಸ್ತ್ರ: ಮದರಾಸಿನ ಕ್ಷಯ ಪ್ರಯೋಗದ ಒಂದು ಮರುಲೆಕ್ಕ

ಡಾ. ಡೇವಿಡ್ ಚೌರಿ ಮುತ್ತು 1928ರಲ್ಲಿ ಮದರಾಸಿನ ಬಳಿಯ ತಾಂಬರಂನಲ್ಲಿ ಕ್ಷಯರೋಗಿಗಳಿಗಾಗಿ ಸ್ಯಾನಿಟೋರಿಯಂ ತೆರೆದರು. ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಯಾದ ಊಟ, ಇವೇ ಆಗಿನ ಮುಖ್ಯ ಚಿಕಿತ್ಸೆ. ಅಲ್ಲಿನ ರೈಲು ನಿಲ್ದಾಣ ಇಂದಿಗೂ ‘ತಾಂಬರಂ ಸ್ಯಾನಿಟೋರಿಯಂ’.

ರೋಗಿ ಸ್ಯಾನಿಟೋರಿಯಂನಲ್ಲೇ ಇರಬೇಕೆಂಬ ನಂಬಿಕೆಯನ್ನು ಒರೆಗೆ ಹಚ್ಚಿದ್ದೂ ಮದರಾಸೇ. 1956ರಲ್ಲಿ ಆರಂಭವಾದ ಅಲ್ಲಿನ ಕ್ಷಯರೋಗ ಕೀಮೋಥೆರಪಿ ಕೇಂದ್ರವು ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ಮನೆಯಲ್ಲಿ, ಇನ್ನೊಂದಕ್ಕೆ ಸ್ಯಾನಿಟೋರಿಯಂನಲ್ಲಿ ಅದೇ ಔಷಧ ಕೊಟ್ಟಿತು. 1959ರ ವರದಿಯಂತೆ, ವರ್ಷದ ಕೊನೆಗೆ ಮನೆಯಲ್ಲಿದ್ದವರಲ್ಲಿ ಶೇ 86, ಸ್ಯಾನಿಟೋರಿಯಂನಲ್ಲಿದ್ದವರಲ್ಲಿ ಶೇ 92 ಮಂದಿಯ ರೋಗ ಹತೋಟಿಗೆ ಬಂದಿತ್ತು. ಈ ಆರರ ಅಂತರ ನಿಜವೋ, ಆಕಸ್ಮಿಕವೋ?

ಇಂದು ಈ ಲೆಕ್ಕಕ್ಕೆ ದುಬಾರಿ ಪರವಾನಗಿಯೂ ಬೇಡ, ಕೋಡೂ ಬೇಡ. 1968ರಲ್ಲಿ ಬಂದ ಎಸ್‌ಪಿಎಸ್‌ಎಸ್ ಸಮಾಜ ವಿಜ್ಞಾನಿಗಳ ನೆಚ್ಚಿನ ಸಾಧನವಾಯಿತಾದರೂ ಅದು ವಾಣಿಜ್ಯ ತಂತ್ರಾಂಶ. ಅದರ ಮಾದರಿಯಲ್ಲೇ ನಡೆಯುವ ಮುಕ್ತ ಪರ್ಯಾಯ ಗ್ನೂ ಪಿಎಸ್‌ಪಿಪಿ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಜಾಸ್ಪ್ ಬೇಸಿಯನ್ ವಿಶ್ಲೇಷಣೆಯನ್ನು ಮೌಸಿನ ತುದಿಗೆ ತಂದಿತು. ಜಾಸ್ಪ್‌ನಲ್ಲಿ ದುಡಿದಿದ್ದವರು ಮುಂದೆ ಕಟ್ಟಿದ ಜಾಮೋವಿ, ಆರ್ ಭಾಷೆಯ ಮೇಲೆ ನಿಂತಿದೆ.

ಗುಂಪಿಗೆ 80 ಮಂದಿ ಎಂದಿಟ್ಟುಕೊಂಡರೆ ರೋಗ ಹತೋಟಿಗೆ ಬಂದವರು 69 ಮತ್ತು 74. ಜಾಮೋವಿಯಲ್ಲಿ ಸ್ಥಳ, ಫಲಿತಾಂಶ, ಎಣಿಕೆ ಎಂಬ ಮೂರು ಕಾಲಂ, ನಾಲ್ಕು ಸಾಲು ತುಂಬಿ, ‘ಫ್ರೀಕ್ವೆನ್ಸೀಸ್’ ಮೆನುವಿನಲ್ಲಿ ಅವನ್ನು ಆಯಾ ಚೌಕಕ್ಕೆ ಎಳೆದರೆ ಕೈ-ವರ್ಗ ಸುಮಾರು 1.65, ಪಿ ಬೆಲೆ 0.20 ಎಂದು ತೋರುತ್ತದೆ. ಅವಸರದ ಓದುಗ ‘ವ್ಯತ್ಯಾಸವಿಲ್ಲ’ ಎಂದು ಬರೆದುಬಿಡಬಹುದು. ಆದರೆ ಅನುಪಾತಗಳ ವ್ಯತ್ಯಾಸ ಮತ್ತು ಅದರ ‘ಕಾನ್ಫಿಡೆನ್ಸ್ ಇಂಟರ್ವಲ್’ ಆಯ್ಕೆಗಳಿಗೂ ಗುರುತು ಹಾಕಿದರೆ ಚಿತ್ರ ಬದಲಾಗುತ್ತದೆ: ಮನೆಯೇ ಶೇಕಡಾ 3 ಅಂಶ ಮೇಲು ಎಂಬಲ್ಲಿಂದ ಸ್ಯಾನಿಟೋರಿಯಂ ಸುಮಾರು 16 ಅಂಶ ಮೇಲು ಎಂಬವರೆಗೆ ಎಲ್ಲಕ್ಕೂ ಅವಕಾಶವಿದೆ. ಎರಡೂ ಸಮ ಎಂದು ಈ ಅಂಕಿಗಳು ಸಾಬೀತುಪಡಿಸುವುದಿಲ್ಲ.

ಮನೆ ಚಿಕಿತ್ಸೆ ಗೆದ್ದದ್ದು ಪಿ ಬೆಲೆಯೊಂದರಿಂದಲ್ಲ. ರೋಗಿಯ ಜೊತೆ ಬಾಳಿದವರಿಗೆ ಸೋಂಕಿನ ಅಪಾಯ ಹೆಚ್ಚಲಿಲ್ಲವೆಂದು ನಂತರದ ನಿಗಾ ತೋರಿಸಿತು. ಲಕ್ಷಾಂತರ ರೋಗಿಗಳಿಗೆ ಹಾಸಿಗೆ ಒದಗಿಸುವುದು ದೇಶಕ್ಕೆ ಸಾಧ್ಯವೂ ಇರಲಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ರೂಪಿಸಿದ ಜಿಲ್ಲಾ ಕಾರ್ಯಕ್ರಮವೂ ಮನೆಯಲ್ಲೇ ಚಿಕಿತ್ಸೆ ಎಂಬ ನೆಲೆಯ ಮೇಲೆ ನಿಂತಿತು. ಇಂಥ ವಿವೇಚನೆ ಯಾವ ಮೆನುವಿನಲ್ಲೂ ಸಿಗದು.

ಹಾಗಾದರೆ ಈ ತಂತ್ರಾಂಶಗಳ ನಿಜವಾದ ಲಾಭ ಪುಕ್ಕಟೆ ಎಂಬುದಷ್ಟೇ ಅಲ್ಲ. ಜಾಮೋವಿ ಮತ್ತು ಜಾಸ್ಪ್‌ನ ಒಂದೇ ಕಡತದಲ್ಲಿ ದತ್ತಾಂಶ, ಆರಿಸಿದ ಪರೀಕ್ಷೆ, ಫಲಿತಾಂಶ ಒಟ್ಟಿಗಿರುತ್ತವೆ. ಸಿಂಟ್ಯಾಕ್ಸ್ ಮೋಡ್‌ಗೆ ಹೋದರೆ ಜಾಮೋವಿ ಕ್ಲಿಕ್ಕಿನ ಹಿಂದಿನ ಆರ್ ಆದೇಶವನ್ನೂ ತೋರಿಸುತ್ತದೆ. ಪರಿಶೀಲಕರು ಪರವಾನಗಿ ಕೊಳ್ಳದೆಯೇ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು. ಕನ್ನಡದ ಸಂಶೋಧನಾ ಪತ್ರಿಕೆಗಳೂ ಮಾರ್ಗದರ್ಶಕರೂ ಇನ್ನು ಮುಂದೆ ಅಂಕಿಅಂಶ ಆಧಾರಿತ ಲೇಖನದ ಜೊತೆಗೆ, ವ್ಯಕ್ತಿಗಳ ಗುರುತು ತೆಗೆದ ಆ ಕಡತವನ್ನೂ ಕೇಳಿ ಪಡೆಯಬೇಕು.