ದನದ ಡಾಕ್ಟರ ಪಕ್ಕದಲ್ಲಿ ನಿಂತವರು

ಗೋರೆಗಾಂವ್ ಪೂರ್ವದ ನಮ್ಮ ಕಟ್ಟಡಗಳಲ್ಲಿ ನಾಯಿಯೋ ಬೆಕ್ಕೋ ಇಲ್ಲದ ಮಹಡಿ ಈಗ ಅಪರೂಪ. ಅವುಗಳ ಜೊತೆ ಬೆಳೆದ ಮಕ್ಕಳು ಹನ್ನೆರಡನೆಯ ತರಗತಿಗೆ ಬರುತ್ತಲೇ 'ವೆಟರ್ನರಿ ಟೆಕ್ನಾಲಜಿ' ಎಂಬ ಮಾತು ತೆಗೆಯುತ್ತಾರೆ. ಅಮೆರಿಕ, ಕೆನಡಾಗಳಲ್ಲಿರುವ ಅಣ್ಣ ಅಕ್ಕಂದಿರಿಂದ ಕಿವಿಗೆ ಬಿದ್ದ ಹೆಸರದು. ಅಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಕಾಲೇಜು ಓದು. ಮುಗಿಸಿದವರು ಪ್ರಾಣಿಗಳ ನರ್ಸ್ ಇದ್ದ ಹಾಗೆ: ರಕ್ತ ತೆಗೆಯುತ್ತಾರೆ, ಎಕ್ಸ್‌ರೇ ಹಿಡಿಯುತ್ತಾರೆ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅರಿವಳಿಕೆಯ ಮೇಲೆ ಕಣ್ಣಿಡುತ್ತಾರೆ. ನ್ಯೂಯಾರ್ಕ್ ರಾಜ್ಯದಲ್ಲಿ ಡೆಲ್ಹಿ ಎಂಬ ಹೆಸರಿನದೇ ಒಂದು ಸಣ್ಣ ಊರಿದೆ. ಅಲ್ಲಿನ ಕಾಲೇಜು 1961ರಲ್ಲೇ ಇಂಥ ಕೋರ್ಸನ್ನು ಆರಂಭಿಸಿತ್ತು.

ಇಲ್ಲಿ ಅರ್ಜಿ ಎಲ್ಲಿ ಹಾಕುವುದು? ಈ ಪ್ರಶ್ನೆಗೆ ಸರಿಯಾದ ಉತ್ತರ ಬೇಕಿದ್ದರೆ ಗೋರೆಗಾಂವಿನಿಂದ ಪರೇಲಿಗೆ, ಈ ವರ್ಷದಿಂದ 1886ಕ್ಕೆ ಹೋಗಬೇಕು.

ಆ ವರ್ಷ ಪರೇಲಿನಲ್ಲಿ, ಪೆಟಿಟ್ ಮನೆತನದ ದಾನದಿಂದ ಎದ್ದ ಬಾಯಿ ಸಾಕರಬಾಯಿ ಪ್ರಾಣಿಗಳ ಆಸ್ಪತ್ರೆಯ ಆವರಣದಲ್ಲಿ, ಬಾಂಬೆ ವೆಟರ್ನರಿ ಕಾಲೇಜು ತೆರೆಯಿತು. ಮೊದಲ ಪ್ರಿನ್ಸಿಪಾಲ್ ಜೆ. ಎಚ್. ಸ್ಟೀಲ್ ಸೈನ್ಯದ ಪಶುವೈದ್ಯರು. ಆ ಕಾಲದ ಸರ್ಕಾರಕ್ಕೆ ಕುದುರೆ ಮುಖ್ಯ, ದನ ಆಮೇಲೆ. ಓದಿ ಹೊರಬಂದವರು ಹೆಸರಿನ ಮುಂದೆ ಜಿ.ಬಿ.ವಿ.ಸಿ. ಎಂದು ಬರೆದುಕೊಳ್ಳುತ್ತಿದ್ದರು. ಇದು ನಮಗೆ ದೂರದ ಕಥೆಯಲ್ಲ. 1956ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೆಲ್ಲ ಮುಂಬಯಿಗೇ ಸೇರಿದ್ದವು. ಆ ಸೀಮೆಯ ಹುಡುಗ ದನದ ಡಾಕ್ಟರಾಗಬೇಕೆಂದರೆ ಅವನ ಪ್ರಾಂತ್ಯದ ಕಾಲೇಜು ಪರೇಲಿನದೇ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಬಂದದ್ದು 1958ರಲ್ಲಿ.

ವಿದ್ಯೆಯೇನೋ ನಮಗೆ ಹೊಸದಲ್ಲ. ಚಾಲುಕ್ಯ ರಾಜಮನೆತನದ ಕೀರ್ತಿವರ್ಮ ಹಳಗನ್ನಡದಲ್ಲಿ 'ಗೋವೈದ್ಯ' ಎಂಬ ಗ್ರಂಥವನ್ನೇ ಬರೆದಿದ್ದ. ಹಳ್ಳಿಗಳಲ್ಲಿ ಹೋರಿಗೆ ಬೀಜ ಒಡೆಯುವವರು, ಅಡ್ಡ ಸಿಕ್ಕ ಕರುವನ್ನು ತಿರುಗಿಸಿ ಎಳೆಯುವವರು, ಲಾಳ ಕಟ್ಟುವವರು ಇದ್ದೇ ಇದ್ದರು. ಕಾಲೇಜು ಬಂದ ಮೇಲೆ ಈ ಕೈಕೆಲಸದವರು ಅದರ ಬಾಗಿಲ ಹೊರಗೇ ಉಳಿದರು. ಡಾಕ್ಟರೊಬ್ಬರಿಗೆ ಪದವಿ ಸಿಕ್ಕಿತು. ಡಾಕ್ಟರು ಸೂಜಿ ಚುಚ್ಚುವಾಗ ದನವನ್ನು ಕೆಡವಿ ಹಿಡಿದವನಿಗೆ ಪದವಿ ಇಲ್ಲ, ಹೆಸರೂ ನೆಟ್ಟಗಿಲ್ಲ. ಸರ್ಕಾರದ ಕಡತದಲ್ಲಿ ಅವನು ಸ್ಟಾಕ್‌ಮನ್, ಜನರ ಬಾಯಲ್ಲಿ ಕಾಂಪೌಂಡರ್.

ಆದರೆ ದೇಶದ ಅತಿ ದೊಡ್ಡ ಪಶುವೈದ್ಯ ಕೆಲಸ ನಡೆದದ್ದು ಅವನನ್ನೂ ನಂಬಿಕೊಂಡೇ. ದೊಡ್ಡರೋಗ ಬಂದರೆ ಹಟ್ಟಿಗೆ ಹಟ್ಟಿಯೇ ಖಾಲಿಯಾಗುತ್ತಿತ್ತು. ಅದರ ನಿರ್ಮೂಲನೆಗೆ 1954ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಊರೂರಿಗೆ ಲಸಿಕೆ ಹೊತ್ತುಕೊಂಡು ಹೋಗಿ ಚುಚ್ಚುವಷ್ಟು ಡಾಕ್ಟರುಗಳು ಎಲ್ಲಿದ್ದರು? ಅಲ್ಪಾವಧಿಯ ತರಬೇತಿ ಪಡೆದ ಸಹಾಯಕರೇ ಆ ಕೆಲಸದ ಕೈಕಾಲು. 2006ರಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ಮಾನ್ಯತೆ ಸಿಕ್ಕಿತು, 2011ರಲ್ಲಿ ಇಡೀ ಜಗತ್ತೇ ಮುಕ್ತವೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದಲೇ ಅಳಿಸಿಹಾಕಿದ ಎರಡನೆಯ ರೋಗ ಇದು.

ನಮ್ಮ ಗೋರೆಗಾಂವಿನ ಆರೇ ಕಾಲೋನಿಯದೂ ಇದೇ ಕಥೆಯ ಇನ್ನೊಂದು ಮುಖ. ಊರೊಳಗಿನ ಇಕ್ಕಟ್ಟಾದ ತಬೇಲೆಗಳ ಎಮ್ಮೆಗಳನ್ನು ಹೊರಗೆ ತರಲು 1949ರಲ್ಲಿ ಶುರುವಾದ ಈ ಹಾಲಿನ ಕಾಲೋನಿಯನ್ನು 1951ರಲ್ಲಿ ನೆಹರೂ ಉದ್ಘಾಟಿಸಿದರು. ದಾರಾ ಖುರೋಡಿಯವರ ಯೋಜನೆ ಅದು: ಮೂವತ್ತಕ್ಕೂ ಹೆಚ್ಚು ಘಟಕ, ಸುಮಾರು 16,000 ಎಮ್ಮೆಗಳು. 1963ರಲ್ಲಿ ವರ್ಗೀಸ್ ಕುರಿಯನ್, ತ್ರಿಭುವನದಾಸ್ ಪಟೇಲರ ಜೊತೆ ಖುರೋಡಿಯವರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪರೇಲಿನ ಕಾಲೇಜಿನ ಇನ್ನೊಂದು ಆವರಣವೂ ಇದೇ ಆರೇಯಲ್ಲಿದೆ. ಆದರೂ ಎಮ್ಮೆ ಮೇವು ಬಿಟ್ಟಿತೆಂದು ಮೊದಲು ಗುರುತಿಸುವವನು ಅದರ ಪಕ್ಕದಲ್ಲೇ ಮಲಗುವ ತಬೇಲೆಯ ಆಳು. ಕಾಲೇಜು ಹತ್ತಿರವಿದ್ದ ಮಾತ್ರಕ್ಕೆ ಅವನಿಗೆ ಬಾಗಿಲು ತೆರೆಯಲಿಲ್ಲ.

ಈಗ ಕಾನೂನಿಗೆ ಬರೋಣ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಕಲಮಿನ ಪ್ರಕಾರ ಚಿಕಿತ್ಸೆ ಮಾಡುವ ಹಕ್ಕು ನೋಂದಾಯಿತ ಪಶುವೈದ್ಯರಿಗೆ ಮಾತ್ರ. ಅದರ ಬಾಲಕ್ಕೆ ಒಂದು ವಿನಾಯಿತಿ ಇದೆ. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇರುವ ಸಹಾಯಕರು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ 'ಸಣ್ಣಪುಟ್ಟ ಸೇವೆ' ಮಾಡಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಇಂಥವು. ಅಮೆರಿಕದ ಟೆಕ್ನಿಷಿಯನ್ನಿಗೆ ತನ್ನದೇ ಪರೀಕ್ಷೆ, ತನ್ನದೇ ಹೆಸರು ಇದೆ. ನಮ್ಮ ಸಹಾಯಕ ಕಾಯ್ದೆಯಲ್ಲಿ ಕಾಣಿಸಿಕೊಳ್ಳುವುದು ವಿನಾಯಿತಿಯಾಗಿ.

ಹೀಗಾಗಿ ಇಂದು ಅರ್ಜಿ ಹಿಡಿದವರ ಮುಂದೆ ಮುಖ್ಯವಾಗಿ ಎರಡು ಬಾಗಿಲು. ಒಂದು ಡಾಕ್ಟರದು: ಭೌತ, ರಸಾಯನ, ಜೀವಶಾಸ್ತ್ರ ಓದಿ ಬಿ.ವಿ.ಎಸ್ಸಿ. ಸೇರಬೇಕು. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಮಹಾರಾಷ್ಟ್ರದಲ್ಲಿ ನಾಗಪುರದ ವಿಶ್ವವಿದ್ಯಾಲಯ ನೀಟ್ ಅಂಕದ ಮೇಲೆ ಸೀಟು ಹಂಚುತ್ತದೆ. ಶೇ. 15 ಸೀಟುಗಳನ್ನು ಅಖಿಲ ಭಾರತ ಮಟ್ಟದಲ್ಲಿ ಪಶುವೈದ್ಯ ಪರಿಷತ್ತೇ ತುಂಬುತ್ತದೆ. ಇನ್ನೊಂದು ಡಿಪ್ಲೊಮಾದ ಬಾಗಿಲು. ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ನಂತರ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ, ತಿಪಟೂರು ಬಳಿಯ ಕೋನೇಹಳ್ಳಿಯಂಥ ಕಡೆ ಅದರ ಪಾಲಿಟೆಕ್ನಿಕ್‌ಗಳಿವೆ. ಆದರೆ ಡಿಪ್ಲೊಮಾ ಒಂದನ್ನೇ ನೆಚ್ಚಿಕೊಂಡು ಪರಿಷತ್ತಿನಲ್ಲಿ ವೈದ್ಯರಾಗಿ ನೋಂದಣಿ ಆಗುವುದಿಲ್ಲ.

ಐಟಿಯಲ್ಲಿ ಟೆಸ್ಟಿಂಗ್‌ಗೆ ಸೇರಿದ ಹುಡುಗಿ ಹತ್ತು ವರ್ಷದಲ್ಲಿ ಆರ್ಕಿಟೆಕ್ಟ್ ಆದದ್ದನ್ನು ನಾನು ನೋಡಿದ್ದೇನೆ. ನಡುವೆ ಮೆಟ್ಟಿಲುಗಳಿದ್ದವು, ಹತ್ತಿದಳು. ಪಶುವೈದ್ಯದಲ್ಲಿ ನೆಲಮಹಡಿ ಇದೆ, ಮೇಲಿನ ಮಹಡಿ ಇದೆ, ನಡುವಿನ ಮೆಟ್ಟಿಲು ಕಟ್ಟಲು ಯಾರೂ ಮನಸ್ಸು ಮಾಡಿಲ್ಲ. ನೀಟ್‌ನಲ್ಲಿ ಸೀಟು ತಪ್ಪಿದ, ಪ್ರಾಣಿಗಳನ್ನು ಮುಟ್ಟಿ ಕೆಲಸ ಮಾಡಬಲ್ಲ ಮಕ್ಕಳು ಇದೇ ಜಾಗದಲ್ಲಿ ನಿಂತು ದಾರಿ ಕಾಣದೆ ಬೇರೆ ಓದಿಗೆ ಹೋಗುತ್ತಾರೆ. ಇತ್ತ ನಗರದ ಸಾಕುಪ್ರಾಣಿಗಳ ಕ್ಲಿನಿಕ್ಕುಗಳಲ್ಲಿ ನಾಯಿಯನ್ನು ಹಿಡಿಯುವ, ಡ್ರಿಪ್ ನೋಡಿಕೊಳ್ಳುವ ಹುಡುಗರು ಹೆಚ್ಚಾಗಿ ಕೆಲಸದಲ್ಲೇ ನೋಡಿ ಕಲಿತವರು.

ಆದ್ದರಿಂದ 'ವೆಟರ್ನರಿ ಟೆಕ್ನಾಲಜಿ' ಎಂಬ ಹೊಳೆಯುವ ಹೆಸರಿನ ಯಾವುದೇ ಕೋರ್ಸಿಗೆ ಹಣ ಕಟ್ಟುವ ಮೊದಲು ಮೂರು ಮಾತು ಕೇಳಿ. ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಅಥವಾ ಇಲಾಖೆಯ ಮೊಹರು ಬೀಳುತ್ತದೆ? ಅದನ್ನು ಹಿಡಿದವರಿಗೆ ನಮ್ಮ ರಾಜ್ಯ ಯಾವ ಯಾವ ಕೆಲಸಕ್ಕೆ ಅನುಮತಿ ಕೊಟ್ಟಿದೆ? ಮುಂದೆ ಓದಬೇಕೆಂದರೆ ಯಾವ ಪದವಿಗೆ ಸೇರಿಸಿಕೊಳ್ಳುತ್ತಾರೆ? ಉತ್ತರವನ್ನು ಬಾಯಿಮಾತಿನಲ್ಲಿ ಕೊಟ್ಟರೆ ಸಾಲದು, ಬರಹದಲ್ಲಿ ಕೇಳಿ ಪಡೆಯಿರಿ.