ಆರೋಪಿತ ಉಕ್ತಿಗಳು: ನರಗುಂದ–ಗಜೇಂದ್ರಗಡ ಸೀಮೆ

ಚರಿತ್ರೆಯ ವ್ಯಕ್ತಿಯೊಬ್ಬರು ಆಡಿದರೆಂದು ಜನ ನಂಬಿದ್ದರೂ ಅವರ ಕಾಲದ ದಾಖಲೆಯಲ್ಲಿ ಸಿಗದ, ಅಥವಾ ಬಾಯಿಂದ ಬಾಯಿಗೆ ಹೋಗುತ್ತ ರೂಪ ಬದಲಿಸಿದ ಮಾತು ಆರೋಪಿತ ಉಕ್ತಿ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಚರಿತ್ರೆಯ ಸುತ್ತ ಇಂಥ ಮಾತುಗಳು ಹಲವು.

1785ರಲ್ಲಿ ಟಿಪ್ಪು ಸುಲ್ತಾನನ ಸೇನೆ ನರಗುಂದವನ್ನು ಹಿಡಿಯಿತು. ಮುಂದೆ ನಡೆದ ಮರಾಠ–ಮೈಸೂರು ಯುದ್ಧ 1787ರ ಗಜೇಂದ್ರಗಡ ಒಪ್ಪಂದದಲ್ಲಿ ಮುಗಿಯಿತು. ಟಿಪ್ಪು ಹಣ ತೆರಲು ಒಪ್ಪಿದ. ಬಾದಾಮಿ, ಕಿತ್ತೂರು, ನರಗುಂದಗಳನ್ನು ಬಿಟ್ಟುಕೊಟ್ಟ. ಈ ಷರತ್ತುಗಳು ಯಾರ ಬಾಯಲ್ಲೂ ಇಲ್ಲ. ನೂರು ವರ್ಷ ನರಿಯಾಗಿ ಬಾಳುವುದಕ್ಕಿಂತ ಒಂದು ದಿನ ಹುಲಿಯಾಗಿ ಬಾಳುವುದು ಮೇಲೆಂದು ಟಿಪ್ಪು ಹೇಳಿದನೆಂಬ ಮಾತು ಮಾತ್ರ ಎಲ್ಲರಿಗೂ ಗೊತ್ತು. ಇದನ್ನು ಪೂರಾ ಕಟ್ಟುಕತೆ ಎನ್ನಲಾಗದು. ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಬೀಟ್ಸನ್, ಟಿಪ್ಪು ಸತ್ತ ಮರುವರ್ಷ 1800ರಲ್ಲಿ ಅಚ್ಚುಹಾಕಿಸಿದ ಗ್ರಂಥದಲ್ಲಿ ಇದರ ಹಳೆಯ ರೂಪವಿದೆ. ಅಲ್ಲಿ ಹುಲಿಯ ಬಾಳು ಎರಡು ದಿನದ್ದು. ನರಿಯ ಜಾಗದಲ್ಲಿ ಇನ್ನೂರು ವರ್ಷದ ಕುರಿಯಿದೆ. ಅಂದರೆ ಈ ಮಾತು ನಮಗೆ ತಲುಪಿದ್ದು ಅವನ ವೈರಿಗಳ ಲೇಖನಿಯಿಂದ. ಸೋತು ಸತ್ತ ದೊರೆಯ ಕೊನೆಗೆ ಅದು ಒಪ್ಪುವಂತಿತ್ತು, ಹಾಗಾಗಿ ಉಳಿಯಿತು.

ನರಗುಂದದ ಬಾಬಾಸಾಹೇಬ ಭಾವೆ 1858ರ ಮೇ ತಿಂಗಳಲ್ಲಿ ಬಂಡೆದ್ದಾಗ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಜೂನ್‌ನಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅಂಥ ವೀರರ ಕತೆಯನ್ನು ಜನ ಕೇಳಿದ್ದು ಲಾವಣಿ, ನಾಟಕಗಳಲ್ಲಿ, ಅಲ್ಲಿಯ ಸಂಭಾಷಣೆ ಕವಿಯದು. ಬ್ರಿಟಿಷರ ವಿರುದ್ಧ ಬಂಡೆದ್ದ ಹಲಗಲಿಯ ಬೇಡರ ಲಾವಣಿ ಗದಗ ಸಮೀಪದ ಕುರ್ತಕೋಟಿಯ ದೈವ ಕಲ್ಮೇಶನ ಹೆಸರನ್ನು ಅಂಕಿತವಾಗಿ ಹೇಳಿ ಮುಗಿಯುತ್ತದೆ. ಹಾಡು ಕಟ್ಟಿದವರು ತಮ್ಮ ಗುರುತನ್ನು ಮುಚ್ಚಿಡಲಿಲ್ಲ. ಗೊಂದಲ ಹುಟ್ಟುವುದು ಆ ಗುರುತು ಕಳಚಿದ ಮೇಲೆ. ಕಿತ್ತೂರು ಚೆನ್ನಮ್ಮ ಬ್ರಿಟಿಷ್ ಅಧಿಕಾರಿ ಥ್ಯಾಕರೆಗೆ ಕಪ್ಪವೇಕೆಂದು ಕೇಳುವ ಪ್ರಸಿದ್ಧ ಮಾತುಗಳನ್ನು ಮನೆಮಾತಾಗಿಸಿದ್ದು ಬಿ.ಆರ್. ಪಂತುಲು ಅವರ 1961ರ ಚಲನಚಿತ್ರ. ಶಾಲೆಯ ವೇದಿಕೆಯಲ್ಲಿ ಇಂದು ಅವು ಚರಿತ್ರೆಯಾಗಿಯೇ ಕೇಳಿಬರುತ್ತವೆ.

ಅಂಕಿತವಿದ್ದರೂ ಎಚ್ಚರ ತಪ್ಪುವಂತಿಲ್ಲ. ತ್ರಿಪದಿಯ ಕೊನೆಗೆ ‘ಸರ್ವಜ್ಞ’ ಎಂದು ಸೇರಿಸಿದರೆ ಯಾರ ಮಾತಾದರೂ ಆ ಕವಿಯದಾಗಿ ಸಾಗುತ್ತದೆ. ಉತ್ತಂಗಿ ಚನ್ನಪ್ಪನವರು 1924ರಲ್ಲಿ ಹೊರತಂದ ಸರ್ವಜ್ಞನ ವಚನಗಳ ಸಂಪುಟ ಇಂದಿಗೂ ಬೇಕಾಗುವುದು ಅದಕ್ಕೇ. ಹಾಗೆಯೇ ಟಿಪ್ಪುವಿನ ಮಾತನ್ನು ಉದ್ಧರಿಸುವವರು ಜೊತೆಗೆ ಬೀಟ್ಸನ್‌ನ ಹೆಸರನ್ನೂ 1800ರ ಇಸವಿಯನ್ನೂ ಬರೆಯಬೇಕು.